ಕಣ್ಣು ಅಲ್ಲೇ ಇದೆ, ಎದೆ ಎದ್ದು ಹೋಗಿದೆ

ಹಾಸನದ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ, ಜುಲೈ ತಿಂಗಳ ಒಂದು ಶನಿವಾರ, ಅಂಗನವಾಡಿ ಕಾರ್ಯಕರ್ತೆಯರು, ತಾಯಂದಿರು, ಅವರ ಜೊತೆ ಬಂದಿದ್ದ ಅಜ್ಜಿಯರ ಮುಂದೆ, ಮಕ್ಕಳ ಗಮನಕ್ಕೂ ಎದೆಬಡಿತಕ್ಕೂ ಇರುವ ನಂಟಿನ ಬಗ್ಗೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಅಡಚಣೆಗಳನ್ನು ಮಾತ್ರ ತೆಗೆದಿಲ್ಲ. ಅವು ಇಲ್ಲದಿದ್ದರೆ ನನ್ನ ಭಾಷಣ ಅರ್ಧಕ್ಕೇ ನಿಲ್ಲುತ್ತಿತ್ತು.

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಮಕ್ಕಳ ಡಾಕ್ಟರಲ್ಲ. ಮೂವತ್ತು ವರ್ಷ ಶರೀರಕ್ರಿಯಾಶಾಸ್ತ್ರದ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು. ಕೆಮ್ಮಿಗೆ ಯಾವ ಸಿರಪ್ಪು ಕೊಡಬೇಕು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಆದರೆ ಎದೆ ಹೇಗೆ ಬಡಿಯುತ್ತದೆ, ಯಾಕೆ ಒಮ್ಮೆ ಜೋರಾಗುತ್ತದೆ, ಒಮ್ಮೆ ನಿಧಾನವಾಗುತ್ತದೆ ಅಂತ ಕೇಳಿದರೆ...

(ಇಲ್ಲಿ ಮೈಕು ಒಮ್ಮೆಲೇ ಕಿರ್ರ್ ಅಂತ ಕೂಗಿತು. ಸಭೆಯಲ್ಲಿ ಅರ್ಧ ಜನ ಕಿವಿ ಮುಚ್ಚಿಕೊಂಡರು. ಮುಂದಿನ ಸಾಲಿನಲ್ಲಿ ಅಮ್ಮನ ಮಡಿಲಲ್ಲಿ ಕೂತಿದ್ದ ಏಳೆಂಟು ತಿಂಗಳ ಕೂಸೊಂದು ಮೈ ನಡುಗಿಸಿ, ಕೆಳತುಟಿ ಮುಂದೆ ಚಾಚಿ, ಅಳಲೋ ಬೇಡವೋ ಅಂತ ಯೋಚಿಸತೊಡಗಿತು.)

ನೋಡಿದಿರಾ, ನಾನು ಹೇಳಬೇಕಾದ್ದನ್ನು ಮೈಕೇ ಹೇಳಿತು. ಈಗ ನಿಮ್ಮ ಎದೆ ಧಸಕ್ ಅಂದಿತಲ್ಲ, ಆಮೇಲೆ ಡವಡವ ಅಂತ ಹೊಡೆದುಕೊಳ್ಳುತ್ತಿದೆಯಲ್ಲ, ಅದು ತನ್ನನ್ನು ಕಾಪಾಡಿಕೊಳ್ಳುವ ಬಡಿತ. ಏನೋ ಅಪಾಯ, ಓಡು ಅನ್ನುತ್ತದೆ ಮೈ. ಅದಕ್ಕೆ ಬಡಿತ ಏರುತ್ತದೆ. ಇಷ್ಟು ನಮಗೆಲ್ಲ ಗೊತ್ತು. ನಮ್ಮ ಮಾತಿನಲ್ಲೇ ಇದೆ: ಎದೆ ಹಾರಿತು, ಎದೆ ಝಲ್ಲೆಂದಿತು, ಎದೆ ಬಾಯಿಗೆ ಬಂತು. ಆದರೆ ಇದಕ್ಕೆ ಉಲ್ಟಾ ಇನ್ನೊಂದಿದೆ. ಅದು ಅಷ್ಟು ಗದ್ದಲ ಮಾಡುವುದಿಲ್ಲ, ಹಾಗಾಗಿ ಅದಕ್ಕೆ ನಾವು ಹೆಸರೂ ಇಟ್ಟಿಲ್ಲ. ಹೊಸದೇನೋ ಕಂಡಿತು, ಹೆದರಿಕೆಯಾಗಲಿಲ್ಲ, 'ಏನದು?' ಅನ್ನಿಸಿತು ಅಂದುಕೊಳ್ಳಿ. ಆಗ ಬಡಿತ ಏರುವುದಿಲ್ಲ, ಇಳಿಯುತ್ತದೆ.

ರಷ್ಯಾದ ಪಾವ್ಲೋವ್ ಹೆಸರು ಕೇಳಿರುತ್ತೀರಿ, ಗಂಟೆ ಬಾರಿಸಿದರೆ ನಾಯಿ ಜೊಲ್ಲು ಸುರಿಸುತ್ತದೆ ಅಂದ ಮನುಷ್ಯ. ಹೊಸ ಸದ್ದು ಕೇಳಿದರೆ ನಾಯಿ ಕಿವಿ ನಿಮಿರಿಸಿ ತಿರುಗುತ್ತದಲ್ಲ, ಅದಕ್ಕೆ ಆತ 'ಏನದು' ಪ್ರತಿಕ್ರಿಯೆ ಅಂತಲೇ ಹೆಸರಿಟ್ಟಿದ್ದ. ಅವನ ಹಾದಿಯಲ್ಲಿ ಮಾಸ್ಕೋದ ಸೊಕೊಲೋವ್ ಮುಂದುವರಿದ. ಆಮೇಲೆ ಅಮೆರಿಕದ ಫ್ರಾನ್ಸಿಸ್ ಗ್ರಹಾಂ, ರೇಚೆಲ್ ಕ್ಲಿಫ್ಟನ್ ಅನ್ನುವ ಇಬ್ಬರು ಹೆಂಗಸರು ಅಲ್ಲಿಯವರೆಗೆ ನಡೆದಿದ್ದ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ಜಾಲಾಡಿ 1966ರಲ್ಲಿ ಒಂದು ಪ್ರಬಂಧ ಬರೆದರು. ಕುತೂಹಲಕ್ಕೆ ಎದೆಬಡಿತ ಇಳಿಯುತ್ತದೆ, ಬೆದರಿದರೆ ಏರುತ್ತದೆ ಅನ್ನುವುದು ಅದರ ತಿರುಳು. ಮಾತು ಬಾರದ ಕೂಸುಗಳ ಬಗ್ಗೆ ಕೆಲಸ ಮಾಡುವವರಿಗೆ ಇದು ಚಿನ್ನ ಸಿಕ್ಕ ಹಾಗಾಯಿತು. ಮೂರು ತಿಂಗಳ ಮಗುವನ್ನು 'ಕಂದಾ, ಇದು ನಿನಗೆ ಹೊಸದಾ?' ಅಂತ ಕೇಳಲಾಗುವುದಿಲ್ಲ. ಎದೆಯ ಮೇಲೆ ಮೂರು ಅಂಟುಪಟ್ಟಿ ಹಚ್ಚಿ ಇಸಿಜಿ ತೆಗೆದರೆ ಅದೇ ಹೇಳುತ್ತದೆ.

ಎಷ್ಟು ಇಳಿಯುತ್ತದೆ ಅಂತ ಕೇಳಬಹುದು. ಹುಟ್ಟಿದ ಕೂಸಿನ ಬಡಿತ ಎಚ್ಚರವಿದ್ದಾಗ ನಿಮಿಷಕ್ಕೆ ಹೆಚ್ಚೂಕಡಿಮೆ 120ರಿಂದ 160. ದೊಡ್ಡವರಾದ ನಮ್ಮದು 60ರಿಂದ 100. ಮಗುವಿನದು 140 ಇದ್ದರೆ ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಸುಮಾರು 429 ಮಿಲಿಸೆಕೆಂಡು. ಮಗು ಏನನ್ನೋ ಗಮನಿಸಿ ಬಡಿತ 130ಕ್ಕೆ ಇಳಿಯಿತು ಅನ್ನಿ, ಆಗ 462. ವ್ಯತ್ಯಾಸ ಬರೀ 33 ಮಿಲಿಸೆಕೆಂಡು. ನೀವು ಕಣ್ಣು ಮಿಟುಕಿಸುವುದಕ್ಕೆ ಇದರ ಎಷ್ಟೋ ಪಟ್ಟು ಹೊತ್ತು ಬೇಕು. ಹಾಗಾಗಿ ಮನೆಯಲ್ಲಿ ಮಗುವಿನ ಕೈ ಹಿಡಿದು ನಾಡಿ ಎಣಿಸಲು ಹೋಗಬೇಡಿ. ನಾನೂ ಮೊಮ್ಮಗನ ಮೇಲೆ ಪ್ರಯತ್ನ ಮಾಡಿ ನೋಡಿದೆ. ಅವನು ನನ್ನ ಸ್ಟೆತಸ್ಕೋಪನ್ನು ಬಾಯಿಗಿಟ್ಟುಕೊಂಡ, ಅಲ್ಲಿಗೆ ಪ್ರಯೋಗ ಮುಗಿಯಿತು.

ಇದು ಹೇಗೆ ಸಾಧ್ಯ ಅನ್ನುವುದಕ್ಕೆ ನಮ್ಮ ಶಿರಾಡಿ ಘಾಟಿಗೆ ಹೋಗೋಣ. ಸಕಲೇಶಪುರ ದಾಟಿ ಬಸ್ಸು ಕೆಳಗಿಳಿಯುವಾಗ ಡ್ರೈವರು ಆಕ್ಸಿಲರೇಟರ್ ಮುಟ್ಟುವುದಿಲ್ಲ. ಇಳಿಜಾರೇ ಬಸ್ಸನ್ನು ಎಳೆಯುತ್ತದೆ, ಅವನದೇನಿದ್ದರೂ ಬ್ರೇಕಿನ ಮೇಲೆ ಕಾಲು. ಸ್ವಲ್ಪ ಒತ್ತಿದರೆ ನಿಧಾನ, ಸ್ವಲ್ಪ ಸಡಿಲಿಸಿದರೆ ಜೋರು. ಹೃದಯವೂ ಹಾಗೆಯೇ. ಅದರ ಬಲಭಾಗದ ಮೇಲ್ಕೋಣೆಯ ಗೋಡೆಯಲ್ಲಿ ಒಂದಿಷ್ಟು ಜೀವಕೋಶಗಳಿವೆ, ಯಾರ ಅಪ್ಪಣೆಯೂ ಇಲ್ಲದೆ ತಾವೇ ಮಿಡಿಯುತ್ತವೆ. ನರಗಳನ್ನೆಲ್ಲ ತೆಗೆದು ಬಿಟ್ಟರೆ ದೊಡ್ಡವರ ಹೃದಯ ಸುಮ್ಮನೆ ಕೂತಾಗಲೂ ನಿಮಿಷಕ್ಕೆ 100ರ ಹತ್ತಿರ ಬಡಿಯುತ್ತದೆ. ನಮ್ಮದು 70ರಲ್ಲಿ ಇರುವುದು ಯಾಕೆಂದರೆ ವೇಗಸ್ ಅನ್ನುವ ನರ ಹಗಲೂ ರಾತ್ರಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರುತ್ತದೆ. ಮೆದುಳಿನ ಬುಡದಿಂದ ಹೊರಟು, ಕುತ್ತಿಗೆಯಲ್ಲಿ ಇಳಿದು, ಎದೆಗೆ, ಅಲ್ಲಿಂದ ಹೊಟ್ಟೆಗೆ ಹೋಗುವ ನರ ಅದು. ಏನೋ ಗಮನ ಸೆಳೆಯಿತು ಅಂದರೆ ಬ್ರೇಕನ್ನು ಇನ್ನೊಂಚೂರು ಒತ್ತುತ್ತದೆ. ಒಂದೆರಡು ಬಡಿತದೊಳಗೆ ಪರಿಣಾಮ ಕಾಣಿಸುತ್ತದೆ, ಅಷ್ಟು ಚುರುಕು.

ಈ ಬ್ರೇಕು ಒತ್ತುವುದು ಯಾವ ವಸ್ತು ಅಂತ ತೋರಿಸಿದವನು ಆಸ್ಟ್ರಿಯಾದಲ್ಲಿದ್ದ ಒಟ್ಟೊ ಲೊವಿ. ಈ ಕತೆಯನ್ನು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತಿದ್ದೆ, ಇಲ್ಲೂ ಬಿಡಲಾರೆ. ಒಂದು ರಾತ್ರಿ ಅವನಿಗೆ ಕನಸಿನಲ್ಲಿ ಪ್ರಯೋಗ ಹೊಳೆಯಿತಂತೆ. ಎದ್ದು ಚೀಟಿಯಲ್ಲಿ ಗೀಚಿ ಮಲಗಿದ. ಬೆಳಗ್ಗೆ ನೋಡಿದರೆ ತನ್ನ ಅಕ್ಷರ ತನಗೇ ಓದಲಾಗಲಿಲ್ಲ! ಪುಣ್ಯಕ್ಕೆ ಮರುರಾತ್ರಿ ಅದೇ ಮತ್ತೆ ಹೊಳೆಯಿತು. ಈ ಸಲ ಬರೆಯುವ ಗೋಜಿಗೇ ಹೋಗದೆ ನಡುರಾತ್ರಿಯಲ್ಲಿ ಪ್ರಯೋಗಾಲಯಕ್ಕೆ ಓಡಿದ. ಎರಡು ಕಪ್ಪೆಯ ಹೃದಯ ತೆಗೆದು, ಒಂದರ ವೇಗಸ್ ನರ ಕೆಣಕಿದ, ಅದು ನಿಧಾನವಾಯಿತು. ಅದು ಇದ್ದ ದ್ರವವನ್ನು ಎರಡನೆಯದಕ್ಕೆ ಹಾಕಿದ. ನರವನ್ನೇ ಮುಟ್ಟದಿದ್ದರೂ ಅದೂ ನಿಧಾನವಾಯಿತು. ಇದನ್ನು 1921ರಲ್ಲಿ ಪ್ರಕಟಿಸಿದ. ಆ ವಸ್ತು ಅಸಿಟೈಲ್‌ಕೋಲಿನ್. 1936ರಲ್ಲಿ ಹೆನ್ರಿ ಡೇಲ್ ಜೊತೆ ಲೊವಿಗೆ ನೊಬೆಲ್ ಬಂತು. ಅಕ್ಷರ ದುಂಡಗಿರಬೇಕು ಅಂತ ಮೇಷ್ಟ್ರುಗಳು ಯಾಕೆ ಬಡಿದುಕೊಳ್ಳುತ್ತೇವೆ ಅಂತ ಈಗಲಾದರೂ ಗೊತ್ತಾಯಿತಲ್ಲ.

ಈಗ ಮಗುವಿನ ಹತ್ತಿರ ಬರೋಣ. ಇಲ್ಲೇ ಮುಖ್ಯವಾದ ವಿಷಯ ಇರುವುದು, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಜಾನ್ ರಿಚರ್ಡ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ಬಹಳ ವರ್ಷ ಇದೇ ಕೆಲಸ ಮಾಡಿದರು. ಏರ್ಪಾಟು ಸರಳ. ಅಮ್ಮನ ಮಡಿಲಲ್ಲಿ ಮಗು, ಎದುರಿಗೆ ಪರದೆ, ಅದರ ಮೇಲೊಂದು ಚಿತ್ರ, ಮಗುವಿನ ಎದೆಗೆ ಇಸಿಜಿ. ಮಗು ಚಿತ್ರ ನೋಡುತ್ತಿರುವಾಗ ಪಕ್ಕದಲ್ಲಿ ಇನ್ನೊಂದು ಮಿಣುಕುವುದನ್ನು ತೋರಿಸುವುದು. ಎಷ್ಟು ಹೊತ್ತಿಗೆ ಮಗು ಆ ಕಡೆ ತಿರುಗುತ್ತದೆ ಅಂತ ಲೆಕ್ಕ ಹಾಕುವುದು. ಬರೀ ಕಣ್ಣನ್ನು ನೋಡುತ್ತಾ ಕೂತರೆ ಒಂದೇ ಉದ್ದದ ನೋಟ ಕಾಣುತ್ತದೆ. ಕೆಳಗೆ ಎದೆಬಡಿತದ ಗೆರೆಯನ್ನೂ ಇಟ್ಟು ನೋಡಿದರೆ ಆ ಒಂದೇ ನೋಟ ತುಂಡು ತುಂಡಾಗುತ್ತದೆ.

ಮೊದಲು ಮಗು ತಿರುಗುತ್ತದೆ, ಬಡಿತ ಇಳಿಯಲು ಶುರುವಾಗುತ್ತದೆ. ಇದು 'ಏನದು'. ಕೆಲವೇ ಸೆಕೆಂಡಿನ ಕೆಲಸ. ಆಮೇಲೆ ಬಡಿತ ಇಳಿದಲ್ಲೇ ನಿಲ್ಲುತ್ತದೆ, ಏರಿಳಿತವೂ ಕಡಿಮೆಯಾಗುತ್ತದೆ, ಮೈಯ ಅಲ್ಲಾಟ ನಿಲ್ಲುತ್ತದೆ. ಮೈಯೆಲ್ಲ ಕಣ್ಣಾಗಿ ನೋಡುವುದು ಅಂತೀವಲ್ಲ, ಅದು ಅಕ್ಷರಶಃ ಇದೇ. ಇದೇ ನೆಲೆನಿಂತ ಗಮನ. ಈ ಹೊತ್ತಿನಲ್ಲಿ ಪಕ್ಕದ ಮಿಣುಕಿಗೆ ಮಗು ಸುಲಭಕ್ಕೆ ತಿರುಗುವುದಿಲ್ಲ. ಈ ಹೊತ್ತಿನಲ್ಲಿ ಕಂಡದ್ದು ತಲೆಯಲ್ಲೂ ಉಳಿಯುತ್ತದೆ: ಕೆಲವು ತಿಂಗಳ ಕೂಸಿಗೆ ಇಂಥ ಗಮನದ ಐದು ಸೆಕೆಂಡು ನೋಟ ಸಿಕ್ಕರೆ ಸಾಕು, ಮತ್ತೆ ತೋರಿಸಿದಾಗ ಅದರ ಗುರುತು ಹಿಡಿಯುತ್ತದೆ.

ಕೊನೆಯ ತುಂಡೇ ನನಗೆ ಬಹಳ ಹಿಡಿಸಿದ್ದು. ಬಡಿತ ಮತ್ತೆ ಮೇಲೇರಿ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ, ಆದರೆ ಕಣ್ಣು ಇನ್ನೂ ಚಿತ್ರದ ಮೇಲೇ ಇರುತ್ತದೆ! ನೋಡಿದವರು 'ಪಾಪ, ಎಷ್ಟು ಗಮನ ಕೊಟ್ಟು ನೋಡ್ತಿದೆ' ಅನ್ನುತ್ತಾರೆ. ಕಣ್ಣು ಅಲ್ಲೇ ಇದೆ, ಎದೆ ಎದ್ದು ಹೋಗಿದೆ. ಆಗ ಪಕ್ಕದಲ್ಲಿ ಏನಾದರೂ ಮಿಣುಕಿದರೆ ಸಾಕು, ತಟ್ಟನೆ ತಿರುಗಿಬಿಡುತ್ತದೆ. ಕೊನೆಯ ಪೀರಿಯಡ್ಡಿನಲ್ಲಿ ನನ್ನನ್ನೇ ನೋಡುತ್ತಾ ಕೂತಿರುತ್ತಿದ್ದ ಹುಡುಗರ ಮುಖ ನನಗೆ ಈಗ ನೆನಪಾಗುತ್ತಿದೆ.

ನಮ್ಮಲ್ಲಿ ಬಕಧ್ಯಾನ ಅಂತ ಬೈಗುಳ ಇದೆ, ಕಳ್ಳಭಕ್ತಿಗೆ ಹೇಳುವುದು. ಗದ್ದೆ ಬದುವಿನಲ್ಲಿ ಒಂಟಿಕಾಲಲ್ಲಿ ನಿಂತ ಬೆಳ್ಳಕ್ಕಿಗೆ ಇದು ಅನ್ಯಾಯ ಅಂತ ನನ್ನ ವಾದ. ಅದು ಮೀನನ್ನು ನೋಡುತ್ತಿದೆ, ಪೂರ್ತಿ ನೋಡುತ್ತಿದೆ. ಕಳ್ಳಧ್ಯಾನ ಅನ್ನಬೇಕಾದ್ದು ಎದೆ ಎದ್ದು ಹೋದ ಮೇಲೂ ನೆಟ್ಟಿರುವ ಆ ಕಣ್ಣಿಗೆ.

(ಇಷ್ಟರಲ್ಲಿ ಕರೆಂಟು ಹೋಯಿತು. ಮಳೆಗಾಲದ ಹಾಸನದಲ್ಲಿ ಇದು ಸುದ್ದಿಯಲ್ಲ. ಫ್ಯಾನುಗಳು ನಿಧಾನವಾಗಿ ನಿಂತವು. ಎಲ್ಲರೂ ಒಟ್ಟಿಗೆ ತಲೆಯೆತ್ತಿ ಮೇಲೆ ನೋಡಿದರು. ಅಂಗಳದ ಶೀಟಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದು ಆಗಷ್ಟೇ ಕೇಳತೊಡಗಿತು. ನಾನು ಮೈಕು ಕೆಳಗಿಟ್ಟು ಮುಂದೆ ಬಂದು ನಿಂತೆ.)

ಸರಿ, ಗಂಟಲಲ್ಲೇ ಮಾತಾಡುತ್ತೇನೆ, ತರಗತಿಯ ಅಭ್ಯಾಸ ಇನ್ನೂ ಇದೆ. ಒಂದು ಪ್ರಶ್ನೆ. ನೀವೆಲ್ಲ ಯಾಕೆ ಮೇಲೆ ನೋಡಿದಿರಿ? ಸದ್ದು ಬಂತಾ? ಇಲ್ಲ, ಸದ್ದು ನಿಂತಿತು. ಅರ್ಧ ಗಂಟೆಯಿಂದ ತಿರುಗುತ್ತಿದ್ದ ಫ್ಯಾನು ಯಾರಿಗೂ ಬೇಕಿರಲಿಲ್ಲ, ನಿಂತ ತಕ್ಷಣ ಬೇಕಾಯಿತು. ಸೊಕೊಲೋವ್ ಹೇಳಿದ್ದೂ ಇದನ್ನೇ. ಮೆದುಳು ಸುತ್ತಮುತ್ತಲಿನ ಒಂದು ನಕ್ಷೆ ಮಾಡಿಕೊಂಡಿರುತ್ತದೆ. ನಕ್ಷೆಗೆ ಹೊಂದುವುದನ್ನೆಲ್ಲ ಬದಿಗೆ ಸರಿಸುತ್ತದೆ. ಹೊಂದದ್ದು ಬಂದರೆ, ಇರಬೇಕಾದ್ದು ತಪ್ಪಿದರೂ, ತಿರುಗಿ ನೋಡು ಅನ್ನುತ್ತದೆ. ಈ ಪುಟ್ಟಮ್ಮನೂ ಮೇಲೆ ನೋಡಿದಳು, ನಾನು ಗಮನಿಸಿದೆ. ಏಳೆಂಟು ತಿಂಗಳಿಗೇ ಫ್ಯಾನು ತಿರುಗಬೇಕು ಅನ್ನುವ ನಕ್ಷೆ ಅವಳ ತಲೆಯಲ್ಲಿದೆ.

ಇನ್ನು ಒಂದು ಭಯ ನಿವಾರಿಸಬೇಕು. ಒಮ್ಮೆ ಪರಿಚಯದ ಹೆಣ್ಣುಮಗಳೊಬ್ಬಳು ಆರು ವರ್ಷದ ಮಗನ ಇಸಿಜಿ ಹಿಡಿದುಕೊಂಡು ಕಣ್ಣೀರಿಟ್ಟುಕೊಂಡು ನಮ್ಮ ಮನೆಗೆ ಬಂದಳು. ಶಾಲೆಯ ಆಟಕ್ಕೆ ಸೇರಿಸಲು ಮಾಡಿಸಿದ್ದಂತೆ. 'ಮೇಷ್ಟ್ರೇ, ನನ್ ಮಗಂಗೆ ಹಾರ್ಟಲ್ಲಿ ಏನೋ ಇದೆ' ಅಂದಳು. ಚೀಟಿಯ ಮೇಲೆ ಸೈನಸ್ ಅರಿತ್ಮಿಯಾ ಅಂತ ಅಚ್ಚಾಗಿತ್ತು. ಬರೆದುಕೊಟ್ಟವರು ಎರಡು ಮಾತು ಹೇಳಿ ಕಳಿಸಿದ್ದರೆ ಆಗುತ್ತಿತ್ತು, ಹೇಳಿರಲಿಲ್ಲ. ನಾನು ಹುಡುಗನನ್ನು ಕೂರಿಸಿ ಅವನ ಮಣಿಕಟ್ಟನ್ನು ಅವನ ಅಮ್ಮನ ಬೆರಳಿಗೇ ಕೊಟ್ಟೆ. 'ಉಸಿರು ಎಳಕೋ ಮಗಾ, ನಿಧಾನಕ್ಕೆ ಬಿಡು' ಅಂದೆ. ಎಳೆದುಕೊಂಡಾಗ ನಾಡಿ ಚುರುಕಾಯಿತು, ಬಿಟ್ಟಾಗ ನಿಧಾನವಾಯಿತು. ಅಷ್ಟೇ ಅದರ ಅರ್ಥ. ಉಸಿರೆಳೆದಾಗ ವೇಗಸ್ ಬ್ರೇಕು ಸಡಿಲಿಸುತ್ತದೆ, ಬಿಟ್ಟಾಗ ಮತ್ತೆ ಒತ್ತುತ್ತದೆ. ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಎದ್ದು ಕಾಣುತ್ತದೆ, ಕಾಯಿಲೆಯಲ್ಲ. ಡ್ರೈವರ ಕಾಲು ಬ್ರೇಕಿನ ಮೇಲೆ ಚೆನ್ನಾಗಿ ಕೂತಿದೆ ಅನ್ನುವುದರ ಗುರುತು. ರಿಚರ್ಡ್ಸ್ ಅವರು 1987ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, 14ರಿಂದ 26 ವಾರದ ಕೂಸುಗಳಲ್ಲಿ ಈ ಉಸಿರಿನ ಏರಿಳಿತ ಯಾರಿಗೆ ಹೆಚ್ಚಿತ್ತೋ ಅವರ ಗಮನ ಕದಲಿಸುವುದು ಅಷ್ಟು ಸುಲಭವಾಗಿರಲಿಲ್ಲ.

ಹಾಗಂತ ಎಲ್ಲ ಬಡಿತವೂ ಸರಿ ಅಂತಲ್ಲ. ಹಾಲು ಕುಡಿಯುವಾಗ ಮಗು ಬೆವರುತ್ತದೆ, ತುಟಿ ನೀಲಿಗಟ್ಟುತ್ತದೆ, ಆಡುತ್ತಾ ಆಡುತ್ತಾ ಜ್ಞಾನ ತಪ್ಪಿ ಬೀಳುತ್ತದೆ, ಸುಮ್ಮನೆ ಮಲಗಿದ್ದಾಗಲೂ ಎದೆ ಎಣಿಸಲಾಗದಷ್ಟು ಓಡುತ್ತದೆ ಅಂದರೆ ಮೇಷ್ಟ್ರ ಮನೆಗೆ ಬರಬೇಡಿ, ಡಾಕ್ಟರ ಹತ್ತಿರ ಓಡಿ.

ಇನ್ನೊಂದು ಸೂಕ್ಷ್ಮ ಇದೆ. ಹೊರಗಿನದನ್ನು ಒಳಗೆ ತೆಗೆದುಕೊಳ್ಳುವಾಗ ಬಡಿತ ಇಳಿಯುತ್ತದೆ. ಆದರೆ ತಲೆಯೊಳಗೇ ಲೆಕ್ಕ ಮಾಡುವಾಗ ಏರುತ್ತದೆ. ಅಮೆರಿಕದ ಓಹಾಯೋದಲ್ಲಿ ಜಾನ್ ಲೇಸಿ, ಬಿಯಾಟ್ರಿಸ್ ಲೇಸಿ ಅನ್ನುವ ಗಂಡ ಹೆಂಡತಿ ಇದನ್ನೇ ಹಿಡಿದು ದಶಕಗಟ್ಟಲೆ ಕೆಲಸ ಮಾಡಿದರು. ಅಂದರೆ, ಮನೆಗೆ ನೆಂಟರು ಬಂದಾಗ 'ಮಾವಂಗೆ ಹದಿಮೂರರ ಮಗ್ಗಿ ಹೇಳು ಪುಟ್ಟಾ' ಅಂತ ನಿಲ್ಲಿಸುತ್ತೀರಲ್ಲ, ಆಗ ಆ ಮಗುವಿನ ಎದೆ ಓಡುತ್ತಿರುತ್ತದೆ. ಕಣ್ಣು ಸೂರಿನ ಕಡೆ, ಕಾಲು ಒಂದೆಡೆ ನಿಲ್ಲುವುದಿಲ್ಲ. ಗಮನ ಇಲ್ಲ ಅಂತಲ್ಲ. ಅದು ಬೇರೆ ಕೆಲಸದಲ್ಲಿದೆ, ಜೊತೆಗೆ ನಿಮ್ಮ ಭಯವೂ ಇದೆ. ಆದ್ದರಿಂದ ಬಡಿತ ಇಳಿದರೆ ಜಾಣ, ಏರಿದರೆ ದಡ್ಡ ಅಂತ ಯಾರಾದರೂ ಬಡಿತ ಅಳೆಯುವ ಗಡಿಯಾರ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ.

(ಹಿಂದಿನ ಸಾಲಿನಿಂದ ಒಬ್ಬ ಅಂಗನವಾಡಿ ಕಾರ್ಯಕರ್ತೆ ಎದ್ದು ನಿಂತರು. 'ಸಾರ್, ನಮ್ಮ ಕೇಂದ್ರದಲ್ಲಿ ಒಂದು ಹುಡುಗ ಹತ್ತು ನಿಮಿಷ ಕೂರಲ್ಲ. ಅವರಮ್ಮ ಹೇಳ್ತಾರೆ, ಮೊಬೈಲ್ ಕೊಟ್ರೆ ಗಂಟೆಗಟ್ಟಲೆ ಅಲ್ಲಾಡದೇ ಕೂರ್ತಾನೆ, ಗಮನ ಚೆನ್ನಾಗೇ ಇದೆ ಅಂತ. ಏನು ಹೇಳೋದು?')

ಒಳ್ಳೇ ಪ್ರಶ್ನೆ, ಇದಕ್ಕೆ ಸುಲಭದ ಉತ್ತರ ಕೊಟ್ಟು ಚಪ್ಪಾಳೆ ಗಿಟ್ಟಿಸಬಹುದು, ಆದರೆ ಅದು ಮೋಸವಾಗುತ್ತದೆ. ಪರದೆ ನೋಡುವ ಮಗುವಿಗೆ ಗಮನವೇ ಇಲ್ಲ ಅಂತ ಹೇಳಲಾಗದು. ಟಿವಿ ನೋಡುವ ಮಕ್ಕಳ ಬಗ್ಗೆ ಡೇನಿಯಲ್ ಆಂಡರ್ಸನ್ ಅನ್ನುವವರು 1970ರ ದಶಕದಲ್ಲೇ ಕಂಡುಕೊಂಡಿದ್ದರು: ಒಂದು ನೋಟ ಉದ್ದವಾದಷ್ಟೂ ಅದು ಇನ್ನೂ ಮುಂದುವರಿಯುವ ಸಾಧ್ಯತೆ ಹೆಚ್ಚು. ಉರುಳುವ ಬಂಡಿಯ ಹಾಗೆ, ಓಡಿದಷ್ಟೂ ನಿಲ್ಲಿಸುವುದು ಕಷ್ಟ. ರಿಚರ್ಡ್ಸ್ ಮತ್ತು ಜೊತೆಗಾರರು 2000ದಲ್ಲಿ ಇದನ್ನು ಎದೆಬಡಿತದ ಜೊತೆ ಇಟ್ಟು ನೋಡಿದರು. ಉದ್ದ ನೋಟದಲ್ಲಿ ಬಡಿತವೂ ಇಳಿದಿರುತ್ತದೆ. ಆದರೆ ಇನ್ನೊಂದು ವಿಷಯವೂ ಸಿಕ್ಕಿತು. ಒಂದೂವರೆ, ಎರಡು ವರ್ಷದ ಮಕ್ಕಳು ಅರ್ಥವಿರುವ ಕತೆಯ ಚಿತ್ರವನ್ನು ಒಂದು ರೀತಿ, ಕಂಪ್ಯೂಟರಿನಲ್ಲಿ ಮಾಡಿದ ಬರೀ ಬಣ್ಣ ಸದ್ದುಗಳ ಆಟವನ್ನು ಇನ್ನೊಂದು ರೀತಿ ನೋಡಿದರು. ಆರು ತಿಂಗಳು, ಒಂದು ವರ್ಷದವರಿಗೆ ಎರಡೂ ಒಂದೇ. ಅಂದರೆ ಸಣ್ಣ ಕೂಸಿನ ಕಣ್ಣನ್ನು ಹಿಡಿದಿಡುವುದು ಕತೆಯಲ್ಲ, ಮಿಣುಕು. ನಿಮ್ಮ ಹುಡುಗನ ಅಮ್ಮನಿಗೆ ನಾನಾದರೆ ಹೀಗೆ ಹೇಳುತ್ತೇನೆ: ಮೊಬೈಲಿನಲ್ಲಿ ಚಿತ್ರ ತಾನೇ ಬದಲಾಗಿ ಬದಲಾಗಿ ಅವನನ್ನು ಎಳೆಯುತ್ತದೆ. ಕೇಂದ್ರದಲ್ಲಿ ರಾಗಿ ಕಾಳೋ, ಬೆಣಚುಕಲ್ಲೋ ಕೊಟ್ಟರೆ ಅದು ತಾನಾಗಿ ಬದಲಾಗುವುದಿಲ್ಲ, ಅವನೇ ಏನಾದರೂ ಮಾಡಬೇಕು. ಮೊದಲನೆಯದರಲ್ಲಿ ಗಂಟೆ ಕೂತದ್ದು ಎರಡನೆಯದರ ಲೆಕ್ಕಕ್ಕೆ ಜಮಾ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ನೆನಪಿರಲಿ: ಎರಡು ವರ್ಷ ತುಂಬುವವರೆಗೆ ಕೂರಿಸಿ ಪರದೆ ತೋರಿಸುವುದು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ಆದರೆ ತಪ್ಪು ಮೊಬೈಲಿನದಷ್ಟೇ ಅಲ್ಲ, ನಮ್ಮದೂ ಇದೆ. ಮೊನ್ನೆ ನನ್ನ ಮೊಮ್ಮಗ ಅಡುಗೆಮನೆಯ ಬಾಗಿಲಲ್ಲಿ ತೆಂಗಿನ ಚಿಪ್ಪಿನೊಳಗೆ ಚಮಚ ಹಾಕಿ ತಿರುಗಿಸುತ್ತಾ ಕೂತಿದ್ದ. ಚಮಚ ಅಂಚಿಗೆ ತಾಗಿದರೆ ಒಂದು ಸದ್ದು, ತಳಕ್ಕೆ ತಾಗಿದರೆ ಇನ್ನೊಂದು. ಬಾಯಿ ಅರೆತೆರೆದು, ಜೊಲ್ಲು ಸುರಿದು ಅಂಗಿ ಒದ್ದೆಯಾಗಿತ್ತು. ನಾನು ಪೇಪರು ಬದಿಗಿಟ್ಟು ಎಣಿಸತೊಡಗಿದೆ. ಐದು ನಿಮಿಷದಲ್ಲಿ ನಾವು ಮನೆಯವರು ಏಳು ಸಲ ಅವನನ್ನು ಎಬ್ಬಿಸಿದೆವು. ನನ್ನ ಹೆಂಡತಿ ರಾಗಿ ಸರಿ ತಂದು 'ಕಾಗೆ ನೋಡು, ಆ ಅನ್ನು' ಅಂದಳು. ಮಗಳು ಫೋಟೊ ತೆಗೆಯಲು ಚಿಟಿಕೆ ಹೊಡೆದಳು. ಪಕ್ಕದ ಮನೆಯವರು ಬಂದು ಕೆನ್ನೆ ಹಿಂಡಿದರು. ನಾನೇ ಒಮ್ಮೆ 'ಏನ್ ಮಾಡ್ತಿದೀಯೋ ರಾಜಾ' ಅಂದೆ, ಎಣಿಸುವವನು ಎಂಬುದನ್ನೂ ಮರೆತು. ಪ್ರತಿ ಸಲವೂ ಅವನು ತಲೆಯೆತ್ತಿ, ನಮ್ಮನ್ನು ನೋಡಿ, ಮತ್ತೆ ಚಿಪ್ಪಿಗೆ ಮರಳಿ, ಮೊದಲಿಂದ ಶುರು ಮಾಡುತ್ತಿದ್ದ. ಎಂಟನೆಯ ಸಲ ಚಿಪ್ಪು ಎಸೆದು ಅತ್ತ. 'ಇವನಿಗೆ ಒಂದ್ರಲ್ಲೂ ಮನಸ್ಸು ನಿಲ್ಲಲ್ಲ' ಅಂದರು ಪಕ್ಕದ ಮನೆಯವರು.

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ, ನಾವು ತಾಸುಗಟ್ಟಲೆ ಸಾಲಿನಲ್ಲಿ ನಿಲ್ಲುತ್ತೇವೆ. ಮಕ್ಕಳ ಈ ಬಾಗಿಲು ದಿನಕ್ಕೆ ಎಷ್ಟೋ ಸಲ ತೆರೆಯುತ್ತದೆ. ನಾವೇ ಹೋಗಿ ಮುಚ್ಚಿ ಬರುತ್ತೇವೆ.

(ಇಷ್ಟು ಹೇಳುವಷ್ಟರಲ್ಲಿ ನನ್ನ ಕಣ್ಣು ಮುಂದಿನ ಸಾಲಿನ ಕೂಸಿನ ಮೇಲೆ ಬಿತ್ತು. ಯಾರೋ ಅದರ ಕೈಗೆ ಸ್ಟೀಲ್ ಡಬ್ಬಿಯ ಮುಚ್ಚಳ ಕೊಟ್ಟಿದ್ದರು. ಎರಡೂ ಕೈಯಲ್ಲಿ ಹಿಡಿದು ಓರೆ ಮಾಡುತ್ತಿತ್ತು. ಕಿಟಕಿಯ ಬೆಳಕು ಮುಚ್ಚಳದಿಂದ ಅದರ ಅಂಗಿಯ ಮೇಲೆ ಬಿದ್ದು ಸರಿದಾಡುತ್ತಿತ್ತು. ಮತ್ತೆ ಓರೆ ಮಾಡುತ್ತಿತ್ತು. ನಾನು ಮಾತು ನಿಲ್ಲಿಸಿ ಬೆರಳು ತುಟಿಗಿಟ್ಟೆ. ಸಭೆಯೂ ಆ ಕಡೆ ತಿರುಗಿತು. ಅದರ ಅಜ್ಜಿ ಏನೋ ಹೇಳಲು ಬಾಯಿ ತೆರೆದವರು ಸೆರಗನ್ನು ಬಾಯಿಗಿಟ್ಟುಕೊಂಡರು.

ಆಗಲೇ ಕರೆಂಟು ಬಂತು. ಫ್ಯಾನುಗಳು ಗುರ್ರೆಂದವು, ಮೈಕು ಪಟ್ ಅಂದಿತು, ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿಕೊಂಡಿತು. ನಾವೆಲ್ಲ ತಲೆಯೆತ್ತಿದೆವು. ಕೂಸು ಎತ್ತಲಿಲ್ಲ. ಮುಚ್ಚಳವನ್ನು ಇನ್ನೊಮ್ಮೆ ಓರೆ ಮಾಡಿತು. ಟ್ಯೂಬ್‌ಲೈಟಿನ ಬೆಳಕಿಗೆ ಅಂಗಿಯ ಮೇಲಿನ ಬೆಳಕಿನ ತುಂಡು ಮಾಸಿಹೋಗಿತ್ತು. ಅದನ್ನು ಅಂಗಿಯ ಮೇಲೆ ಹುಡುಕಿತು, ಮುಚ್ಚಳದ ಹಿಂದೆ ಹುಡುಕಿತು, ಆಮೇಲೆ ಅಮ್ಮನ ಮುಖ ನೋಡಿತು. ಮುಚ್ಚಳ ಕೈಜಾರಿ ನೆಲದ ಮೇಲೆ ಗಿರಗಿರ ತಿರುಗಿ ಬಿತ್ತು.

'ಉಪ್ಪಿಟ್ಟು ಆರ್ತಾ ಇದೆ ಸಾರ್' ಅಂತ ಸಂಘಟಕರು ನನ್ನ ಕಿವಿಯಲ್ಲಿ ಹೇಳಿದರು.)